ಮೊನ್ನೆಯ ಬಿಸಿಲು, ಮೂವತ್ತು ವರ್ಷದ ಲೆಕ್ಕ

ಏಪ್ರಿಲ್‌ನಲ್ಲಿ ನಮ್ಮ ಓಣಿಯ ಕಾಕಾ ಒಂದು ಮಾತು ಹೇಳಿದರು. "ಇಂಥಾ ಬಿಸಲು ಹುಟ್ಟಿದಾಗಿಂದ ನೋಡಿಲ್ಲ ನೋಡಪಾ. ಭೂಮಿ ಕಾದು ಕೆಂಡ ಆಗ್ಯಾದ." ಅದೇ ಕಾಕಾ ಡಿಸೆಂಬರ್ ಮುಂಜಾನೆ ಶಾಲು ಹೊದ್ದು ಚಹಾ ಕುಡಿಯುತ್ತಾ ಇನ್ನೊಂದು ಮಾತು ಹೇಳಿದರು. "ಭೂಮಿ ಬಿಸಿ ಆಗ್ಲತ್ತದ ಅಂತ ಪೇಪರ್‌ನಾಗ ಬರೀತಾರ. ಎಲ್ಲಿ ಅದ ಬಿಸಿ? ಕೈ ಸೆಟದು ಹೋಗ್ಯಾವ."

ಎರಡೂ ಸಲ ಅವರ ಮೈಗೆ ತಾಗಿದ್ದು ನಿಜ. ಆದರೆ ಎರಡೂ ಸಲ ಒಂದು ದಿನದ ಹವಾ ನೋಡಿ ಇಡೀ ಭೂಮಿಯ ತೀರ್ಮಾನ ಕೊಟ್ಟುಬಿಟ್ಟರು. ನಾನೂ ಮೊದಲು ಹೀಗೇ ಮಾತಾಡುತ್ತಿದ್ದೆ. ಆಮೇಲೆ ಮಳೆ ಅಳೆಯಲು ಅಂಗಳದಲ್ಲಿ ಒಂದು ಡಬ್ಬಿ ಇಟ್ಟೆ. ಗೋಡೆ ಕ್ಯಾಲೆಂಡರಿನಲ್ಲಿ ಅಂಕಿ ಬರೆಯಲು ಶುರು ಮಾಡಿದೆ. ಅದರಿಂದ ಹವಾಮಾನ ತಜ್ಞ ಆಗಲಿಲ್ಲ, ಆದರೆ ಬಾಯಿಗೆ ಬಂದಂತೆ ಹೇಳುವುದು ಕಡಿಮೆ ಆಯಿತು. ನೀವೂ ಮಾಡಿ ನೋಡಬೇಕು ಅಂತಿದ್ದರೆ ಹೇಗೆ ಅಂತ ಹೇಳುತ್ತೇನೆ.

ಮೊದಲು ಒಂದು ಪದದ ಗಂಟು ಬಿಚ್ಚೋಣ

ನಮ್ಮ ಭಾಷೆಯಲ್ಲೇ ಒಂದು ತೊಡಕಿದೆ. ಶಾಲೆಯ ಪುಸ್ತಕದಲ್ಲಿ 'ಹವಾಮಾನ' ಬೇರೆ, 'ವಾಯುಗುಣ' ಬೇರೆ. ಇವತ್ತು ಮಳೆ ಬಂತೇ, ಬಿಸಿಲು ಎಷ್ಟಿತ್ತು ಅನ್ನುವುದು ಹವಾಮಾನ. ಬಹಳ ವರ್ಷಗಳ ಸರಾಸರಿ ನಡವಳಿಕೆ ವಾಯುಗುಣ. ಆದರೆ ಪೇಪರ್‌ನಲ್ಲಿ, ಟಿವಿಯಲ್ಲಿ 'ಹವಾಮಾನ ವರದಿ'ಯೂ ಹವಾಮಾನವೇ, 'ಹವಾಮಾನ ಬದಲಾವಣೆ'ಯೂ ಹವಾಮಾನವೇ. ಒಂದೇ ಪದ ನಾಳೆಯ ಮಳೆಗೂ ಆಯಿತು, ನೂರು ವರ್ಷದ ಬದಲಾವಣೆಗೂ ಆಯಿತು. ಕಾಕಾ ಗೊಂದಲ ಮಾಡಿಕೊಂಡರೆ ತಪ್ಪು ಅವರೊಬ್ಬರದೇ ಅಲ್ಲ.

ಪುಸ್ತಕದ ವ್ಯಾಖ್ಯೆ ತಲೆಗೆ ಹತ್ತದಿದ್ದರೆ ತೊಗರಿ ನೆನೆಸಿಕೊಳ್ಳಿ. 2015ರ ಕೊನೆಯಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಆ ರೇಟು ನೋಡಿ ಮುಂದಿನ ವರ್ಷ ಎಷ್ಟೋ ಜನ ಇದ್ದಬದ್ದ ಹೊಲಕ್ಕೆಲ್ಲ ತೊಗರಿ ಹಾಕಿದರು. 2017ರ ಹೊತ್ತಿಗೆ ಮಾರುಕಟ್ಟೆ ದರ ಬೆಂಬಲ ಬೆಲೆಗಿಂತ ಕೆಳಗೆ ಇಳಿಯಿತು. ಒಂದು ವರ್ಷದ ರೇಟನ್ನು ತೊಗರಿಯ ಕಾಯಂ ಬೆಲೆ ಅಂದುಕೊಂಡವರಿಗೆ ಪೆಟ್ಟು ಬಿತ್ತು. ಅದೇ ಬೆಂಬಲ ಬೆಲೆ ನೋಡಿ: 2013-14ರಲ್ಲಿ ಕ್ವಿಂಟಲ್‌ಗೆ 4,300 ಇದ್ದದ್ದು 2023-24ಕ್ಕೆ 7,000 ಆಯಿತು. ಎಪಿಎಂಸಿಯ ದಿನದ ರೇಟು ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ಅದರ ಅಡಿಯಲ್ಲಿ ನಿಧಾನವಾಗಿ ಮೇಲೆ ಹೋಗುವ ಗೆರೆ ಬೇರೆಯೇ ಇದೆ. ದಿನದ ರೇಟು ಹವಾಮಾನ, ಆ ಗೆರೆ ವಾಯುಗುಣ. ಹೋಲಿಕೆ ಇಲ್ಲಿಗೇ ಸಾಕು. ಬೆಂಬಲ ಬೆಲೆ ಸರಕಾರ ಕೂತು ಬರೆಯುತ್ತದೆ, ವಾಯುಗುಣವನ್ನು ಯಾರೂ ಹಾಗೆ ಬರೆಯುವುದಿಲ್ಲ.

ಹೆಜ್ಜೆ 1: ಹಬ್ಬಕ್ಕೆ ಹಬ್ಬ ಹೋಲಿಸುವುದನ್ನು ಬಿಡಿ

"ಹೋದ ಯುಗಾದಿಗೆ ಇಷ್ಟು ಬಿಸಿಲು ಇರಲಿಲ್ಲ." ಈ ಮಾತು ಪ್ರತಿ ವರ್ಷ ಕೇಳುತ್ತೇವೆ, ಅಲ್ವಾ? ಆದರೆ ಯುಗಾದಿ ಒಂದೇ ತಾರೀಖಿಗೆ ಬರುವ ಹಬ್ಬ ಅಲ್ಲ. 2023ರಲ್ಲಿ ಮಾರ್ಚ್ 22ಕ್ಕೆ ಬಂತು. 2024ರಲ್ಲಿ ಏಪ್ರಿಲ್ 9ಕ್ಕೆ. ಹದಿನೆಂಟು ದಿನದ ಅಂತರ. ಕಲಬುರಗಿಯಲ್ಲಿ ಮಾರ್ಚ್ ಕೊನೆಗೂ ಏಪ್ರಿಲ್ ಎರಡನೇ ವಾರಕ್ಕೂ ಬಿಸಿಲಿನಲ್ಲಿ ಎಷ್ಟು ಫರಕು ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಯುಗಾದಿ ತಡವಾಗಿ ಬಂದ ವರ್ಷ ಬಿಸಿಲು ಜಾಸ್ತಿ ಅನಿಸಿಯೇ ಅನಿಸುತ್ತದೆ.

ಎಳ್ಳ ಅಮಾವಾಸ್ಯೆಯ ಕಥೆಯೂ ಇದೇ. ಹೊಲದಲ್ಲಿ ಕೂತು ಭಜ್ಜಿ, ಸಜ್ಜಿ ರೊಟ್ಟಿ ಉಣ್ಣುವಾಗ "ಈ ಸಲ ಚಳಿನೇ ಇಲ್ಲ" ಅಂತ ಯಾರಾದರೂ ಅನ್ನುತ್ತಾರೆ. 2022ರಲ್ಲಿ ಆ ಅಮಾವಾಸ್ಯೆ ಡಿಸೆಂಬರ್ 23ಕ್ಕೆ ಇತ್ತು. ಅದರ ಮುಂದಿನದು 2024ರ ಜನವರಿ 11ಕ್ಕೆ ಬಂತು. 2023ರ ಕ್ಯಾಲೆಂಡರ್ ವರ್ಷದಲ್ಲಿ ಅದು ಬರಲೇ ಇಲ್ಲ! ಶರಣಬಸವೇಶ್ವರ ಜಾತ್ರೆ ಹೋಳಿಯ ಬೆನ್ನಿಗೆ ಬರುತ್ತದೆ, ಅದೂ ಹಿಂದೆ ಮುಂದೆ ಸರಿಯುತ್ತದೆ. ಚಂದ್ರನ ಲೆಕ್ಕದ ಹಬ್ಬಗಳಿಂದ ಹವಾ ಹೋಲಿಸಲು ಹೋಗಬೇಡಿ.

ಹಾಗಾದರೆ ಯಾವುದರಿಂದ ಹೋಲಿಸಬೇಕು? ಇಂಗ್ಲಿಷ್ ತಾರೀಖು ಸುಲಭ. ಆದರೆ ನಮ್ಮ ಹತ್ತಿರ ಅದಕ್ಕಿಂತ ಹಳೆಯದೊಂದು ಪದ್ಧತಿ ಇದೆ, ಅದೂ ಚೆನ್ನಾಗಿಯೇ ನಡೆಯುತ್ತದೆ. ಮಳೆ ನಕ್ಷತ್ರ. ರೋಹಿಣಿ, ಮಿರಗ (ಮೃಗಶಿರಾ), ಆರಿದ್ರಾ, ಪುನರ್ವಸು, ಪುಷ್ಯ ಅಂತ ರೈತರು ಲೆಕ್ಕ ಹಾಕುವುದು ಸೂರ್ಯನ ನಡೆಯಿಂದ, ಚಂದ್ರನಿಂದ ಅಲ್ಲ. ಒಂದೊಂದು ನಕ್ಷತ್ರ ಹದಿಮೂರು ಹದಿನಾಲ್ಕು ದಿನ. ಮಿರಗ ಪ್ರತಿ ವರ್ಷ ಜೂನ್ 7-8ರ ಸುಮಾರಿಗೆ ಹೂಡುತ್ತದೆ, ಆರಿದ್ರಾ ಜೂನ್ 21-22ರ ಸುಮಾರಿಗೆ. ಹಾಗಾಗಿ "ಹೋದ ವರ್ಷ ಮಿರಗ ಕೈಕೊಟ್ಟಿತ್ತು, ಈ ವರ್ಷ ಹಿಡಿಯಿತು" ಅನ್ನುವ ಮಾತಿಗೆ ಅರ್ಥ ಇದೆ. ಎರಡೂ ವರ್ಷ ಹೆಚ್ಚು ಕಡಿಮೆ ಅದೇ ಹದಿನಾಲ್ಕು ದಿನಗಳ ಮಾತು ಅದು.

ಇದರಲ್ಲೂ ಒಂದು ಸಣ್ಣ ಜಾರು ಇದೆ. ನಕ್ಷತ್ರದ ಲೆಕ್ಕ ಋತುವಿಗಿಂತ ಸುಮಾರು 72 ವರ್ಷಕ್ಕೆ ಒಂದು ದಿನ ಹಿಂದೆ ಬೀಳುತ್ತದೆ. ಮಕರ ಸಂಕ್ರಾಂತಿಯೂ ಇದೇ ಸೂರ್ಯನ ಲೆಕ್ಕದ್ದು. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಮಕರ ಸಂಕ್ರಾಂತಿಯಂದು, ತಾರೀಖು ಜನವರಿ 12. ಈಗ ಸಂಕ್ರಾಂತಿ 14ಕ್ಕೆ, 15ಕ್ಕೆ ಬರುತ್ತದೆ. ಅಜ್ಜನ ಕಾಲದ ಮಿರಗಕ್ಕೂ ಇಂದಿನ ಮಿರಗಕ್ಕೂ ಒಂದು ದಿನದ ಫರಕು ಬಂದೀತು, ಅಷ್ಟೇ. ನಮ್ಮ ನಿಮ್ಮ ಲೆಕ್ಕಕ್ಕೆ ಅದು ಅಡ್ಡ ಬರುವುದಿಲ್ಲ.

ಹೆಜ್ಜೆ 2: ಅಂಗಳದಲ್ಲಿ ಒಂದು ಡಬ್ಬಿ ಇಡಿ

"ಭಾರೀ ಮಳೆ", "ಜಿಟಿಜಿಟಿ ಮಳೆ" ಅನ್ನುವುದು ಅಳತೆ ಅಲ್ಲ. ತಗಡಿನ ಮನೆಯಲ್ಲಿ ಮಲಗಿದವರಿಗೆ 10 ಮಿ.ಮೀ. ಮಳೆಯೂ ಪ್ರಳಯದ ಹಾಗೆ ಕೇಳುತ್ತದೆ. ಅಳತೆ ಸುಲಭ. ಗೋಡೆ ನೆಟ್ಟಗಿರುವ, ತಳ ಚಪ್ಪಟೆ ಇರುವ ಡಬ್ಬಿ ಸಾಕು. ಬಾಯಿ ಎಷ್ಟು ಅಗಲವೋ ತಳವೂ ಅಷ್ಟೇ ಇರಬೇಕು. ಅದರಲ್ಲಿ ನೀರು ಎಷ್ಟು ಎತ್ತರ ನಿಂತಿದೆಯೋ ಅಷ್ಟೇ ಮಿ.ಮೀ. ಮಳೆ. ಬಾಯಿ ದೊಡ್ಡದೋ ಸಣ್ಣದೋ, ಲೆಕ್ಕ ಬದಲಾಗುವುದಿಲ್ಲ.

ಇಡುವ ಜಾಗದ ಬಗ್ಗೆ ಮಾತ್ರ ಹಟ ಇರಲಿ. ಗೋಡೆ, ಗಿಡದಿಂದ ಅವುಗಳ ಎತ್ತರದ ಎರಡರಷ್ಟು ದೂರ ಇರಬೇಕು. ಸೂರಿನ ನೀರು ಸಿಡಿದು ಒಳಗೆ ಬೀಳಬಾರದು. ಗಾಳಿಗೆ ಉರುಳದ ಹಾಗೆ ಸುತ್ತ ನಾಲ್ಕು ಇಟ್ಟಿಗೆ ಇಡಿ. ಮೊದಲ ವರ್ಷ ನಾನು ಇದನ್ನೆಲ್ಲ ಮಾಡಿದ್ದೆ. ಆದರೆ ಎದುರು ಮನೆಯ ಆಡು ಬಂದು ನೀರು ಕುಡಿದು ಹೋಗುತ್ತಿತ್ತು. ಎರಡು ವಾರ ನಮ್ಮ ಓಣಿಗೆ ಬರಗಾಲ ಅಂತಲೇ ಬರೆದುಕೊಂಡಿದ್ದೆ. ಈಗ ಸುತ್ತ ಜಾಲಿ ಮುಳ್ಳು ಇದೆ.

ಅಳೆಯುವುದು ಬೆಳಗ್ಗೆ 8:30ಕ್ಕೆ. ಹವಾಮಾನ ಇಲಾಖೆಯವರೂ ದೇಶದ ತುಂಬ ಇದೇ ಹೊತ್ತಿಗೆ ಅಳೆಯುತ್ತಾರೆ. ಸೋಮವಾರ 8:30ರಿಂದ ಮಂಗಳವಾರ 8:30ರವರೆಗೆ ಬಿದ್ದ ಮಳೆ ಮಂಗಳವಾರದ ಮನೆಯಲ್ಲಿ ಬರೆಯಬೇಕು. ನೀವೂ ಹಾಗೇ ಬರೆದರೆ ನಿಮ್ಮ ಅಂಕಿಯನ್ನು ಅವರದರ ಪಕ್ಕ ಇಟ್ಟು ನೋಡಬಹುದು. ಪ್ಲಾಸ್ಟಿಕ್ ಸ್ಕೇಲ್ ಇಳಿಬಿಟ್ಟು ಓದಿ. ಒಂದು ಎಚ್ಚರ: ಸ್ಕೇಲಿನ ಸೊನ್ನೆ ಅದರ ಅಂಚಿನಲ್ಲಿ ಇರುವುದಿಲ್ಲ. ಮೂರ್ನಾಲ್ಕು ಮಿ.ಮೀ. ಜಾಗ ಬಿಟ್ಟು ಶುರುವಾಗುತ್ತದೆ. ಆ ಜಾಗವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯಿರಿ, ಇಲ್ಲವೇ ಪ್ರತಿ ಸಲ ಕೂಡಿಸಿ. ನಾನು ಕತ್ತರಿಸಿದೆ. ಮಗನ ಜ್ಯಾಮಿಟ್ರಿ ಬಾಕ್ಸಿನ ಸ್ಕೇಲು ಅದು. ಮನೆಯಲ್ಲಿ ಗದ್ದಲ ಆಯಿತು.

ಅಂಕಿಗೆ ಅರ್ಥ ಬರಬೇಕು ಅಂದರೆ ಹೀಗೆ ನೋಡಿ. 1 ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಒಂದು ಎಕರೆಗೆ 10 ಮಿ.ಮೀ. ಬಿದ್ದರೆ ಸುಮಾರು 40,000 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಎಂಟು ಸಲ ಬಂದು ಸುರಿದ ಹಾಗೆ. ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 2.5 ಮಿ.ಮೀ. ಬಿದ್ದರೆ ಅದು 'ಮಳೆ ದಿನ'. 64.5 ಮಿ.ಮೀ. ದಾಟಿದರೆ ಭಾರೀ ಮಳೆ. 115.6ರಿಂದ ಅತಿ ಭಾರೀ. 204.5 ದಾಟಿದರೆ ವಿಪರೀತ. ಈ ನಾಲ್ಕು ಅಂಕಿಯನ್ನು ಕ್ಯಾಲೆಂಡರಿನ ತಲೆಯ ಮೇಲೆ ಬರೆದಿಡಿ.

ಹೆಜ್ಜೆ 3: ಬಿಸಿಲು ಅಳೆಯುವಾಗ ನೆರಳಲ್ಲಿ ಅಳೆಯಿರಿ

ಮೊದಲ ಬೇಸಿಗೆಯಲ್ಲಿ ನಾನು ಥರ್ಮಾಮೀಟರನ್ನು ಪಶ್ಚಿಮದ ಕಂಪೌಂಡ್ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೆ. ಗೋಡೆ ಶಹಾಬಾದ್ ಪರಸಿ ಕಲ್ಲಿನದು. ಮೇ ತಿಂಗಳ ಒಂದು ಮಧ್ಯಾಹ್ನ 49 ತೋರಿಸಿತು. ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕಿದೆ, ನೂರಾರು ಜನ ಮುಂದೆ ಕಳಿಸಿದರು. ಆ ದಿನದ ಅಧಿಕೃತ ಅಂಕಿ 42ರ ಆಸುಪಾಸು ಇತ್ತು. ನಾನು ಅಳೆದದ್ದು ಗಾಳಿಯನ್ನಲ್ಲ, ಕಾದ ಕಲ್ಲನ್ನು. ನೀವು ನೋಡುವ ಎಷ್ಟೋ 'ದಾಖಲೆ ಬಿಸಿಲು' ಫೋಟೊಗಳು, ಕಾರಿನ ಡ್ಯಾಶ್‌ಬೋರ್ಡ್ ಅಂಕಿಗಳು ಇದೇ ಜಾತಿಯವು.

ಸರಿಯಾದ ಜಾಗ: ಉತ್ತರಕ್ಕೆ ಮುಖ ಮಾಡಿದ ಪಡಸಾಲೆ, ನೇರ ಬಿಸಿಲು ಬೀಳಬಾರದು, ಗಾಳಿ ಆಡಬೇಕು, ನೆಲದಿಂದ ನಾಲ್ಕು ಅಡಿ ಎತ್ತರ, ಗೋಡೆಗೆ ತಾಗಬಾರದು. ದಿನದ ಗರಿಷ್ಠ ಕನಿಷ್ಠ ಎರಡನ್ನೂ ಹಿಡಿದಿಡುವ ಥರ್ಮಾಮೀಟರ್ ಸಿಕ್ಕರೆ ಒಳ್ಳೆಯದು. ಮಧ್ಯಾಹ್ನದ ಅಂಕಿಯನ್ನೇ ಎಲ್ಲರೂ ಮಾತಾಡುತ್ತಾರೆ. ಆದರೆ ಮೇ ತಿಂಗಳಲ್ಲಿ ಮಾಳಿಗೆ ಮೇಲೆ ಮಲಗುವವರಿಗೆ ಗೊತ್ತು, ಬೆಳಗಿನ ಜಾವ ಎಷ್ಟಕ್ಕೆ ಇಳಿಯಿತು ಅನ್ನುವುದೂ ಅಷ್ಟೇ ಮುಖ್ಯ. ಅದನ್ನೂ ಬರೆಯಿರಿ.

'ಬಿಸಿಗಾಳಿ' ಅನ್ನುವ ಪದಕ್ಕೂ ಒಂದು ಅಳತೆ ಇದೆ. ಬಯಲು ಸೀಮೆಯಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಆಗಿರಬೇಕು, ಜೊತೆಗೆ ಆ ಊರಿನ ಆ ದಿನದ ವಾಡಿಕೆಗಿಂತ, ಅಂದರೆ ಬಹಳ ವರ್ಷಗಳ ಸರಾಸರಿಗಿಂತ, 4.5 ಡಿಗ್ರಿ ಜಾಸ್ತಿ ಇರಬೇಕು. ಇಲ್ಲವೇ ನೇರವಾಗಿ 45 ಮುಟ್ಟಬೇಕು. ಇದರಲ್ಲಿ ಒಂದು ತಮಾಷೆ ಇದೆ. ಬೀದರ್ ಎತ್ತರದ ಊರು, ಕಲಬುರಗಿಗಿಂತ ತಂಪು. ಬೀದರ್‌ನ ಆ ದಿನದ ವಾಡಿಕೆ 38 ಅಂತಿಟ್ಟುಕೊಳ್ಳಿ, ಕಲಬುರಗಿಯದು 41. ಎರಡೂ ಕಡೆ 42.5 ಬಂದರೆ ಬೀದರ್‌ನಲ್ಲಿ ಬಿಸಿಗಾಳಿ, ಕಲಬುರಗಿಯಲ್ಲಿ ಅಲ್ಲ. ಹಾಗಂತ ಕಲಬುರಗಿಯವರು ಮಧ್ಯಾಹ್ನ ತಿರುಗಾಡಬಹುದು ಅಂತಲ್ಲ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಸರಕಾರಿ ಕಚೇರಿಗಳನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಸುವುದು ಸುಮ್ನೆ ಅಲ್ಲ. ಮೈಗೆ ಅಪಾಯ ಇರುವುದು ಅಂಕಿಯಿಂದ. ಬಿಸಿಗಾಳಿ ಅನ್ನುವ ಹೆಸರು ಬರುವುದು ವಾಡಿಕೆಯಿಂದ.

ಹೆಜ್ಜೆ 4: ಬರೆದದ್ದನ್ನು ಓದುವ ರೀತಿ

ನಾನು ಬರೆಯುವುದು ಅಡುಗೆಮನೆಯ ಗೋಡೆ ಕ್ಯಾಲೆಂಡರಿನಲ್ಲಿ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಅದರ ಪಕ್ಕ ಮಳೆ ಅಂಕಿ. ಪ್ರತ್ಯೇಕ ನೋಟ್‌ಬುಕ್ ಇಟ್ಟರೆ ನಾಲ್ಕೇ ದಿನಕ್ಕೆ ಮರೆಯುತ್ತದೆ. ಕ್ಯಾಲೆಂಡರ್ ಕಣ್ಣೆದುರು ಇರುತ್ತದೆ. ಒಂದೇ ಅಪಾಯ, ಜನವರಿ 1ಕ್ಕೆ ಹೊಸದು ಹಾಕಿ ಹಳೆಯದನ್ನು ರದ್ದಿಗೆ ಕೊಡುವುದು. ನನ್ನ ಮೊದಲ ವರ್ಷದ ಪೂರ್ತಿ ಲೆಕ್ಕ ಹಾಗೇ ಹೋಯಿತು.

ವರ್ಷದ ಕೊನೆಗೆ ನಾಲ್ಕು ಅಂಕಿ ತೆಗೆಯಿರಿ. ಒಟ್ಟು ಮಳೆ, ಮಳೆ ದಿನಗಳು, ಒಂದೇ ದಿನ ಬಿದ್ದ ಅತಿ ದೊಡ್ಡ ಮಳೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಇಲ್ಲದ ಅತಿ ಉದ್ದನೆಯ ಸಾಲು. ಒಟ್ಟು ಮಳೆ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. 2023 ನೆನಪಿದೆಯಲ್ಲ? ದೇಶದ ಮುಂಗಾರು ಒಟ್ಟಾರೆ ಶೇ 6ರಷ್ಟು ಮಾತ್ರ ಕಡಿಮೆ. ಕೇಳಲು ಏನೂ ಅಲ್ಲ. ಆದರೆ ಜುಲೈನಲ್ಲಿ ವಾಡಿಕೆಗಿಂತ ಜಾಸ್ತಿ ಸುರಿದು, ಆಗಸ್ಟ್‌ನಲ್ಲಿ ಶೇ 36ರಷ್ಟು ಕಡಿಮೆ ಆಯಿತು. 1901ರಿಂದ ಇಟ್ಟ ಲೆಕ್ಕದಲ್ಲಿ ಅಷ್ಟು ಒಣ ಆಗಸ್ಟ್ ಇರಲಿಲ್ಲ. ಕರ್ನಾಟಕದಲ್ಲಿ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಣೆ ಆದವು. ಬೆಳೆ ಬಾಯಾರುವುದು ತಿಂಗಳ ಲೆಕ್ಕದಲ್ಲಿ. ಸರಾಸರಿ ಕುಡಿದು ಅದು ಬದುಕುವುದಿಲ್ಲ.

ಈಗ ಅಸಲು ವಿಷಯ. ಲೆಕ್ಕಕ್ಕೆ ಅಂತ ಒಂದು ಊರಿನ ಹತ್ತು ವರ್ಷದ ಮಳೆ ಹೀಗಿದೆ ಅಂದುಕೊಳ್ಳಿ: 640, 910, 700, 520, 880, 1010, 690, 760, 450, 840. ನಾಲ್ಕನೇ ವರ್ಷದಿಂದ ಆರನೇ ವರ್ಷಕ್ಕೆ ನೋಡಿದವರು "ಮಳೆ ಎರಡು ಪಟ್ಟಾಯಿತು" ಅನ್ನುತ್ತಾರೆ. ಆರರಿಂದ ಒಂಬತ್ತಕ್ಕೆ ನೋಡಿದವರು "ಮಳೆಗಾಲ ಮುಗಿದೇ ಹೋಯಿತು" ಅನ್ನುತ್ತಾರೆ. ಇಬ್ಬರ ಅಂಕಿಯೂ ಸರಿ. ಮೊದಲ ಐದು ವರ್ಷದ ಸರಾಸರಿ ತೆಗೆಯಿರಿ, 730. ನಂತರದ ಐದರದು 750. ಅಂದರೆ ಹೆಚ್ಚು ಕಡಿಮೆ ಏನೂ ಬದಲಾಗಿಲ್ಲ. ಹತ್ತೂ ವರ್ಷದ ಸರಾಸರಿ 740. ಆದರೆ 740 ಮಿ.ಮೀ. ಸುರಿದ ವರ್ಷ ಒಂದೂ ಇಲ್ಲ! ನಮ್ಮ ಕಡೆಯ ಮಳೆಯ ಗುಣವೇ ಹೀಗೆ. ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿ ಕೂತ ಸೀಮೆ ಇದು. ಒಂದೆರಡು ದೊಡ್ಡ ಮಳೆ ಬಂದರೆ ವರ್ಷದ ಹಣೆಬರಹ ಬದಲಾಗುತ್ತದೆ. ಏರಿಳಿತ ದೊಡ್ಡದಿದ್ದಷ್ಟೂ ಬದಲಾವಣೆ ಗುರುತಿಸಲು ಹೆಚ್ಚು ವರ್ಷ ಬೇಕು. ನಿಮ್ಮ ಕ್ಯಾಲೆಂಡರಿನ ಐದು ವರ್ಷ, ಹತ್ತು ವರ್ಷ ಸಾಲುವುದಿಲ್ಲ.

ಹೆಜ್ಜೆ 5: ನಿಮ್ಮ ಅಂಕಿಯನ್ನು 'ವಾಡಿಕೆ'ಯ ಪಕ್ಕ ಇಡಿ

ಅದಕ್ಕೇ ದೊಡ್ಡ ಲೆಕ್ಕ ಬೇಕು. ಪೇಪರ್‌ನಲ್ಲಿ "ವಾಡಿಕೆಗಿಂತ ಶೇ 30ರಷ್ಟು ಕಡಿಮೆ" ಅಂತ ಬರುತ್ತದಲ್ಲ, ಆ ವಾಡಿಕೆ ಆಕಾಶದಿಂದ ಇಳಿದದ್ದಲ್ಲ. ವಿಶ್ವ ಹವಾಮಾನ ಸಂಸ್ಥೆಯ ಪದ್ಧತಿ ಪ್ರಕಾರ ಮೂವತ್ತು ವರ್ಷದ ಸರಾಸರಿ ಅದು, ಈಗ ನಡೆಯುತ್ತಿರುವುದು 1991ರಿಂದ 2020ರದು. ನಮ್ಮ ದೇಶದ ಮುಂಗಾರಿಗೆ ಹವಾಮಾನ ಇಲಾಖೆ ಐವತ್ತು ವರ್ಷ ತೆಗೆದುಕೊಳ್ಳುತ್ತದೆ, 1971ರಿಂದ 2020. ಮೊದಲು 1961ರಿಂದ 2010ರದನ್ನು ಇಟ್ಟುಕೊಂಡಿದ್ದಾಗ ದೇಶದ ವಾಡಿಕೆ ಮುಂಗಾರು 88 ಸೆಂ.ಮೀ. ಇತ್ತು, 2022ರಲ್ಲಿ 87 ಆಯಿತು. ಯಾರಾದರೂ 'ವಾಡಿಕೆ' ಅಂದರೆ "ಯಾವ ವರ್ಷದಿಂದ ಯಾವ ವರ್ಷದ್ದು?" ಅಂತ ಕೇಳಿ. ಇದೊಂದು ಪ್ರಶ್ನೆಗೆ ಅರ್ಧ ಜಗಳ ಮುಗಿಯುತ್ತದೆ.

ಒಂದು ಜಿಲ್ಲೆಯ ಮಳೆ ವಾಡಿಕೆಗಿಂತ ಶೇ 19ರವರೆಗೆ ಹೆಚ್ಚೋ ಕಡಿಮೆಯೋ ಇದ್ದರೆ ಇಲಾಖೆ ಅದನ್ನು 'ಸಾಮಾನ್ಯ' ಅಂತಲೇ ಬರೆಯುತ್ತದೆ. ಶೇ 20ರಿಂದ 59 ಕಡಿಮೆ ಆದರೆ 'ಕೊರತೆ', 60 ದಾಟಿದರೆ 'ತೀವ್ರ ಕೊರತೆ'. ಹಾಗಾಗಿ ಶೇ 12 ಕಡಿಮೆ ಅಂದ ತಕ್ಷಣ ಗಾಬರಿ ಬೇಡ.

ಅಂಕಿ ಎಲ್ಲಿ ಸಿಗುತ್ತದೆ? ಕಲಬುರಗಿಯಲ್ಲೂ ಬೀದರ್‌ನಲ್ಲೂ ಇಲಾಖೆಯ ವೀಕ್ಷಣಾಲಯ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕ ಇಟ್ಟಿದೆ. 1988ರಲ್ಲಿ ಬರ ಉಸ್ತುವಾರಿ ಘಟಕ ಅಂತ ಶುರುವಾದದ್ದು ಅದು. ಅವರ 'ವರುಣ ಮಿತ್ರ' ಸಹಾಯವಾಣಿಗೆ ಫೋನ್ ಮಾಡಿದರೆ ನಿಮ್ಮ ಊರಿನ ಮಳೆ ಮಾಹಿತಿ ಕನ್ನಡದಲ್ಲೇ ಹೇಳುತ್ತಾರೆ. ಮೊಬೈಲ್ ಇದ್ದರೆ 'ಮೇಘದೂತ್' ಆ್ಯಪ್ ಇದೆ. ಸಿಡಿಲಿಗೆ 'ದಾಮಿನಿ'.

ಹಿರಿಯರ ಮಾತನ್ನು ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಎಪ್ಪತ್ತೆರಡರ ಬರದಲ್ಲಿ ಏನು ತಿಂದರು, ಯಾವ ಹಳ್ಳ ಬತ್ತಿತು ಅಂತ ಅವರು ಹೇಳುವುದು ಚಿನ್ನದಂಥ ದಾಖಲೆ. ಘಟನೆ ಅವರಿಗೆ ಚೆನ್ನಾಗಿ ನೆನಪಿರುತ್ತದೆ. ಸರಾಸರಿ ಯಾರಿಗೂ ನೆನಪಿರುವುದಿಲ್ಲ. "ನಮ್ಮ ಕಾಲದಾಗ ಮಳಿ ಟೈಮಿಗೆ ಸರಿಯಾಗಿ ಬರ್ತಿತ್ತು" ಅನ್ನುವ ಮಾತನ್ನು ಮಾತ್ರ ಅಂಕಿ ನೋಡಿ ಒಪ್ಪಿ. ಬೀದರ್‌ನ ನೌಬಾದಿನಲ್ಲಿ ಹದಿನೈದನೇ ಶತಮಾನದ ಕರೇಜ್ ಇದೆ, ಬಹಮನಿ ಕಾಲದ ಸುರಂಗ ಬಾವಿ. ನೆಲದ ಅಡಿಯಿಂದ ನೀರು ತರಲು ಅಷ್ಟು ಕಷ್ಟಪಟ್ಟು ಕೊರೆದರು ಅಂದರೆ ನೀರಿನ ಚಿಂತೆ ಆಗಲೂ ಇತ್ತು ಅಂತಲೇ ಅರ್ಥ.

ಹಾಗಾದರೆ ಬದಲಾವಣೆ ಆಗಿದೆಯೋ ಇಲ್ಲವೋ?

ಆಗಿದೆ. ಅದನ್ನು ಹೇಳುವುದು ಕಾಕಾನ ಶಾಲೂ ಅಲ್ಲ, ನನ್ನ ಡಬ್ಬಿಯೂ ಅಲ್ಲ. ದೊಡ್ಡ ಲೆಕ್ಕ. 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ ಅಂತ ಕೇಂದ್ರದ ಭೂ ವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. 1901ರಿಂದ ಇಟ್ಟ ಲೆಕ್ಕದಲ್ಲಿ ದೇಶಕ್ಕೆ ಅತಿ ಬಿಸಿಯ ವರ್ಷ 2024. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಅಳೆಯುತ್ತಿದ್ದಾರೆ. ಆಗ ಹತ್ತು ಲಕ್ಷ ಭಾಗಕ್ಕೆ ಸುಮಾರು 315 ಇತ್ತು, ಈಗ 420 ದಾಟಿದೆ.

"0.7 ಡಿಗ್ರಿ ಅಂದ್ರ ಏನ್ ಮಹಾ? ನಮ್ಮಲ್ಲಿ ಮುಂಜಾನಿ 26, ಮಧ್ಯಾಹ್ನ 42" ಅಂತ ಕಾಕಾ ಕೇಳಿದರು. ಅವರನ್ನು ಅಪ್ಪನ ಕೆರೆ ದಂಡೆಗೆ ಕರೆದುಕೊಂಡು ಹೋದೆ. ಗಾಳಿಗೆ ತೆರೆ ಎದ್ದು ಬೀಳುತ್ತಿತ್ತು. ತೆರೆ ಒಂದು ಗೇಣು ಏರುತ್ತದೆ, ಇಳಿಯುತ್ತದೆ. ಇಡೀ ಕೆರೆಯ ಮಟ್ಟ ನಾಲ್ಕು ಬೆರಳು ಏರಿತು ಅಂದುಕೊಳ್ಳಿ. ತೆರೆಯ ಮುಂದೆ ನಾಲ್ಕು ಬೆರಳು ಏನೂ ಅಲ್ಲ ಅನಿಸುತ್ತದೆ. ಆದರೆ ಇಷ್ಟು ದಿನ ಒಣಗಿದ್ದ ಮೆಟ್ಟಿಲಿಗೆ ಈಗ ದೊಡ್ಡ ತೆರೆಯ ನೀರು ಮುಟ್ಟುತ್ತದೆ. ಸರಾಸರಿ ಸ್ವಲ್ಪ ಏರಿದರೆ ವಿಪರೀತದ ದಿನಗಳು ಜಾಸ್ತಿ ಆಗುವುದು ಹೀಗೆ. ಚಳಿ ಪೂರ್ತಿ ಹೋಗುವುದಿಲ್ಲ. ತೆರೆ ಕೆಳಗೂ ಇಳಿಯುತ್ತದಲ್ಲ.

ಮಳೆಯ ಮಾತು ಇಷ್ಟು ಸರಳ ಅಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಅದಕ್ಕೇ ಬಿದ್ದಾಗ ಜೋರಾಗಿ ಬೀಳುವ ಸಂಭವ ಜಾಸ್ತಿ. ಆದರೆ ಒಂದು ತಾಲ್ಲೂಕಿನ ಒಟ್ಟು ಮಳೆ ಏರಿದೆಯೋ ಇಳಿದಿದೆಯೋ ಅಂತ ಹೇಳಲು ಆ ತಾಲ್ಲೂಕಿನ ಉದ್ದನೆಯ ಲೆಕ್ಕವೇ ಬೇಕು. ದೇಶದ ಅಂಕಿಯನ್ನು ತಂದು ಔರಾದ್‌ಗೆ ಅಂಟಿಸಬಾರದು.

ಹೆಜ್ಜೆ 6: ಸುದ್ದಿ ಬಂದಾಗ ಮೂರು ಬೆರಕೆ ಬಿಡಿಸಿ

ಒಂದು, ನೆರೆ ಬೇರೆ, ಮಳೆ ಬೇರೆ. ಯಾದಗಿರಿಯಲ್ಲಿ ಆಕಾಶ ಬಿಳುಪಾಗಿ, ಬಿಸಿಲು ಬಿದ್ದಾಗಲೂ ಕೃಷ್ಣೆ ತುಂಬಿ ಬರಬಹುದು. ಮಳೆ ಬಿದ್ದದ್ದು ಮಹಾಬಲೇಶ್ವರದ ಕಡೆ, ನೀರು ಬಿಟ್ಟದ್ದು ನಾರಾಯಣಪುರ ಡ್ಯಾಮಿನಿಂದ. ಸುರಪುರ ತಾಲ್ಲೂಕಿನ ನಡುಗಡ್ಡೆ ನೀಲಕಂಠರಾಯನಗಡ್ಡಿಯವರಿಗೆ ಇದು ಬಾಯಿಪಾಠ. ಭೀಮೆಗೂ ಹಾಗೇ, ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ನೀರು ಬಿಟ್ಟರೆ ಅಫಜಲಪುರದ ಸೊನ್ನ ಬ್ಯಾರೇಜಿಗೆ ಬಂದು ಸೇರುತ್ತದೆ. 2020ರ ಅಕ್ಟೋಬರ್‌ನಲ್ಲಿ ಎರಡೂ ಕೂಡಿದವು. ಕಾಕಿನಾಡ ಹತ್ತಿರ ದಡ ದಾಟಿದ ವಾಯುಭಾರ ಕುಸಿತ ತೆಲಂಗಾಣದ ಮೇಲೆ ಹಾದು ಇಲ್ಲಿಗೆ ಬಂದು ಸುರಿಯಿತು, ಮೇಲಿನಿಂದ ಡ್ಯಾಮ್ ನೀರೂ ಬಂತು. ಹಾಗಾಗಿ ನೆರೆ ಬಂದ ವರ್ಷ ಅಂದರೆ ನಮ್ಮ ಊರಲ್ಲಿ ಮಳೆ ಜಾಸ್ತಿಯಾದ ವರ್ಷ ಅಂತ ಬರೆಯುವ ಮೊದಲು ಡಬ್ಬಿಯ ಅಂಕಿ ನೋಡಿ.

ಎರಡು, ಬೋರ್ ಬತ್ತಿದ್ದು ಬೇರೆ, ಮಳೆ ಕಡಿಮೆ ಆದದ್ದು ಬೇರೆ. ಸುತ್ತ ಹತ್ತು ಹೊಸ ಬೋರ್ ಬಿದ್ದು, ಕಬ್ಬು ಹೆಚ್ಚಾದರೆ ಒಳ್ಳೆಯ ಮಳೆ ವರ್ಷದಲ್ಲೂ ನೀರು ಕೆಳಗೆ ಹೋಗುತ್ತದೆ.

ಮೂರು, "ಈ ಮಳೆ ವಾಯುಗುಣ ಬದಲಾವಣೆಯಿಂದಲೇ ಬಂತಾ?" ಅನ್ನುವ ಪ್ರಶ್ನೆ. ಹೌದು, ಇಲ್ಲ ಅಂತ ಒಂದೇ ಮಾತಿನ ಉತ್ತರ ಇದಕ್ಕಿಲ್ಲ. ಇಂಥ ಮಳೆ ಬರುವ ಸಂಭವ ಎಷ್ಟು ಹೆಚ್ಚಿತು, ಎಷ್ಟು ಜೋರಾಯಿತು ಅಂತ ಲೆಕ್ಕ ಹಾಕಬಹುದು, ವಿಜ್ಞಾನಿಗಳು ಕೇಳುವುದೂ ಅದನ್ನೇ. ಮರುದಿನವೇ ಟಿವಿಯಲ್ಲಿ ಖಚಿತ ಉತ್ತರ ಕೊಡುವವರನ್ನು ನಾನಂತೂ ನಂಬುವುದಿಲ್ಲ.

ಹೆಜ್ಜೆ 7: ಯಾವ ಕೆಲಸಕ್ಕೆ ಯಾವ ಲೆಕ್ಕ

ಔಷಧ ಹೊಡೆಯುವುದು, ರಾಶಿ ಮಾಡುವುದು, ಕಣದಲ್ಲಿ ತೊಗರಿ ಒಣಗಿಸುವುದು ಇವಕ್ಕೆಲ್ಲ ಮುಂದಿನ ನಾಲ್ಕೈದು ದಿನದ ಮುನ್ಸೂಚನೆ ನೋಡಿ. ಹಳದಿ ಎಚ್ಚರಿಕೆ ಬಂದರೆ ಗಮನ ಇರಲಿ, ಕಿತ್ತಳೆ ಬಂದರೆ ತಾಡಪತ್ರಿ ತೆಗೆದಿಡಿ, ಕೆಂಪು ಬಂದರೆ ಕೆಲಸ ನಿಲ್ಲಿಸಿ. ಇದು ಪೂರ್ತಿ ಹವಾಮಾನದ ಮಾತು, ಮೂವತ್ತು ವರ್ಷದ ಸರಾಸರಿಗೆ ಇಲ್ಲಿ ಕೆಲಸವಿಲ್ಲ.

ಏಪ್ರಿಲ್‌ನಲ್ಲಿ, ಮೇ ಕೊನೆಯಲ್ಲಿ "ಈ ವರ್ಷ ದೇಶದಲ್ಲಿ ವಾಡಿಕೆ ಮುಂಗಾರು" ಅಂತ ಸುದ್ದಿ ಬರುತ್ತದೆ. ಅದು ಇಡೀ ದೇಶದ ಸಂಭವದ ಲೆಕ್ಕ. ಚಿಂಚೋಳಿಯ ನಿಮ್ಮ ಹೊಲದ ಬಗ್ಗೆ ಅದು ಏನೂ ಹೇಳಿಲ್ಲ. ಬಿತ್ತುವ ದಿನವನ್ನು ಅದರ ಮೇಲೆ ಇಡಬೇಡಿ, ನೆಲ ಎಷ್ಟು ಆಳ ಹಸಿಯಾಗಿದೆ ಅಂತ ಅಗೆದು ನೋಡಿ.

ಕೃಷಿ ಹೊಂಡ ಎಷ್ಟು ದೊಡ್ಡದಿರಬೇಕು, ಹೊಲದ ಒಡ್ಡಿಗೆ ಎಷ್ಟು ಅಗಲದ ಕೋಡಿ ಬಿಡಬೇಕು, ಹೊಸ ಮನೆಗೆ ಯಾವ ಛಾವಣಿ ಹಾಕಬೇಕು, ಇಪ್ಪತ್ತು ವರ್ಷ ನಿಲ್ಲುವ ತೋಟಕ್ಕೆ ಯಾವ ಗಿಡ ಇಡಬೇಕು ಅನ್ನುವುದಕ್ಕೆಲ್ಲ ವಾಯುಗುಣದ ಲೆಕ್ಕ ಬೇಕು. ಇಲ್ಲೂ ಸರಾಸರಿ ಒಂದೇ ಸಾಲದು. ಕೋಡಿ ಒಡೆಯುವುದು ಸರಾಸರಿ ಮಳೆಗೆ ಅಲ್ಲ, ಆ ಒಂದು ದೊಡ್ಡ ಮಳೆಗೆ. ಅದಕ್ಕೇ ನಾಲ್ಕು ಅಂಕಿಯಲ್ಲಿ 'ಅತಿ ದೊಡ್ಡ ದಿನ' ಬರೆಯಿರಿ ಅಂದದ್ದು. ಹೊಂಡ ಬರಿದಾಗುವುದು ಆ ಉದ್ದನೆಯ ಒಣ ಸಾಲಿಗೆ. ಅದೂ ನಿಮ್ಮ ಕ್ಯಾಲೆಂಡರಿನಲ್ಲಿದೆ. ಉದ್ದನೆಯ ಲೆಕ್ಕಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ, ಕೃಷಿ ವಿಜ್ಞಾನ ಕೇಂದ್ರದಲ್ಲಿ ನಿಮ್ಮ ಹೋಬಳಿಯ ಹಳೆಯ ಮಳೆ ಅಂಕಿ ಕೇಳಿ ನೋಡಿ.

ಹೋದ ಮಳೆಗಾಲದಲ್ಲಿ ಕಾಕಾನೂ ಒಂದು ಡಬ್ಬಿ ಇಟ್ಟರು. ಹುಬ್ಬಾ ನಕ್ಷತ್ರದ ಮಳೆ ಬಿದ್ದ ಮರುದಿನ 8:30ಕ್ಕೆ ಕಂಪೌಂಡ್ ಆಚೆಯಿಂದ ಕೂಗಿದರು, "ಎಷ್ಟಾತಪಾ ನಿಂದು?" ನನ್ನದು 22 ಮಿ.ಮೀ. ಅವರದು 31. ಒಂದೇ ಓಣಿ, ನಡುವೆ ಆರು ಮನೆ. "ನಿನ್ನ ಡಬ್ಬಿ ತೂತು ಬಿದ್ದಾದ, ತೋರಿಸು" ಅಂತ ಬಂದು ಎತ್ತಿ ನೋಡಿದರು. ತೂತು ಇರಲಿಲ್ಲ. ಇಬ್ಬರೂ ತಲೆ ಎತ್ತಿ ನೋಡಿದೆವು. ಎರಡು ವರ್ಷದಲ್ಲಿ ಪಕ್ಕದ ಬೇವಿನ ಟೊಂಗೆ ಬೆಳೆದು ಡಬ್ಬಿಯ ಮೇಲೆಯೇ ಬಂದು ನಿಂತಿತ್ತು.